ಸಹಾಯ ಬೇಕು: 7 ತಿಂಗಳ ಹೆಣ್ಣು ನಾಯಿಗೆ ಈ ಬಿಸಿಲಲ್ಲಿ ಆಪರೇಷನ್ ಮಾಡಿಸಬಹುದಾ?

ಎಲ್ಲರಿಗೂ ಶರಣು. ನಾವು ಕಲಬುರಗಿಯವರು. ದಸರಾ ಹೊತ್ತಿಗೆ ಮನೆ ಮುಂದೆ ಸಿಕ್ಕ ಬೀದಿಮರಿ ಚಿನ್ನಿಗೆ ಈಗ 7 ತಿಂಗಳು, ಇನ್ನೂ ಬೆದೆಗೆ ಬಂದಿಲ್ಲ. ಮೊದಲ ಬೆದೆಗಿಂತ ಮುಂಚೆ ಮರಿಯಾಗದ ಆಪರೇಷನ್ ಮಾಡಿಸಿದರೆ ಮುಂದೆ ಮೊಲೆಯಲ್ಲಿ ಗಡ್ಡೆ ಆಗುವುದು ತುಂಬಾ ಕಡಿಮೆ, ಗರ್ಭಕೋಶದಲ್ಲಿ ಕೀವು ತುಂಬುವ ಭಯವೂ ಹೋಗುತ್ತದೆ ಅಂತ ಡಾಕ್ಟರು ಹೇಳಿದರು. ನಮ್ಮ ಅತ್ತೆ ಮಾತ್ರ "ಪಾಪ, ಒಂದು ಸಲ ಆದರೂ ಮರಿ ಹಾಕಲಿ ಬಿಡವ್ವಾ" ಅಂತ ಹಟ ಹಿಡಿದಿದ್ದಾರೆ. ಆರೇಳು ಮರಿ ಆದರೆ ಸಾಕುವವರು ಯಾರು? ನಾನೇ ಅಲ್ವಾ!

ಮಾಡಿಸುವುದಂತೂ ಖರೆ. ನನ್ನ ಚಿಂತೆ ಬಿಸಿಲಿನದು. ಈಗಲೇ 40 ಡಿಗ್ರಿ ದಾಟಿದೆ, ನಮ್ಮದು ತಗಡಿನ ಮನೆ, ಕರೆಂಟ್ ಹೋದರೆ ಫ್ಯಾನೂ ಇಲ್ಲ. ಹೊಲಿಗೆ ಮಾಯಲು 10-14 ದಿನ ಬೇಕಂತೆ, ಅಲ್ಲಿವರೆಗೆ ಕುಣಿಯಬಾರದು, ಗಾಯ ನೆಕ್ಕಬಾರದು. ನಮ್ಮ ಚಿನ್ನಿ ಐದು ನಿಮಿಷ ಸುಮ್ನೆ ಕೂರುವ ಪೈಕಿ ಅಲ್ಲ. ಮಳೆಗಾಲಕ್ಕೆ ಕಾಯೋಣ ಅಂದರೆ ಅಷ್ಟರಲ್ಲಿ ಬೆದೆಗೆ ಬಂದುಬಿಟ್ಟರೆ ಮತ್ತೆ ಎರಡು ಮೂರು ತಿಂಗಳು ಮುಂದೂಡಬೇಕು.

ಬೇಸಿಗೆಯಲ್ಲೇ ಮಾಡಿಸಿದವರು ಇದ್ದೀರಾ? ಬೀದರ್‌ನ ಪಶುವೈದ್ಯಕೀಯ ಕಾಲೇಜಿಗೆ ಒಯ್ದವರು ಇದ್ದರೆ ಖರ್ಚು ಎಷ್ಟಾಯಿತು, ವಾಪಸ್ ಹೇಗೆ ಕರೆತಂದಿರಿ, ಸ್ವಲ್ಪ ಹೇಳ್ರಿ.