15 ವರ್ಷದ ಮಗಳು ಒಬ್ಬಳೇ ರೇಗೆನ್ಸ್‌ಬುರ್ಗ್‌ಗೆ ಹೋಗ್ತೀನಿ ಅಂತಿದ್ದಾಳೆ, ಕಳಿಸಬಹುದಾ?

ಎರ್ಲಾಂಗನ್ ಅಮ್ಮ
ಎಲ್ಲರಿಗೂ ನಮಸ್ಕಾರ. ನಾವು ಜರ್ಮನಿಯ ಎರ್ಲಾಂಗನ್‌ಗೆ ಬಂದು ನಾಲ್ಕು ವರ್ಷ ಆಗ್ತಾ ಬಂತು. ಮಗಳಿಗೆ 15, ಗಿಮ್ನಾಜಿಯುಮ್‌ನಲ್ಲಿ (ಯೂನಿವರ್ಸಿಟಿಗೆ ತಯಾರು ಮಾಡೋ ಹೈಸ್ಕೂಲು) ಓದ್ತಿದ್ದಾಳೆ. ಪಿಂಗ್‌ಸ್ಟನ್ ಹಬ್ಬದ ಶಾಲಾ ರಜೆ ಮುಗಿದ ಮೇಲೆ ರೇಗೆನ್ಸ್‌ಬುರ್ಗ್‌ನ ರೈಖ್ಸ್‌ಟಾಗ್ (ಹಳೇ ಪವಿತ್ರ ರೋಮನ್ ಸಾಮ್ರಾಜ್ಯದ ಸಭೆ) ಬಗ್ಗೆ ರೆಫರಾಟ್, ಅಂದ್ರೆ ಕ್ಲಾಸಿನ ಮುಂದೆ ಭಾಷಣ, ಕೊಡಬೇಕಂತೆ. ಒಂದು ದಿನ ಹೋಗಿ ಊರೆಲ್ಲ ನಡೆದು ನೋಡ್ಕೊಂಡು ಬರ್ತೀನಿ, ಒಬ್ಬಳೇ, ಅಂತ ಹಟ. ನಾನೂ ಬರ್ತೀನಿ ಅಂದ್ರೆ "ನೀನು ಬಂದ್ರೆ ಅರ್ಧ ದಿನ ತಿಂಡಿ ಡಬ್ಬಿ ಬಿಚ್ಚೋದ್ರಲ್ಲೇ ಹೋಗುತ್ತೆ" ಅಂತಾಳೆ. ನಮ್ಮನೆಯವರು ಲ್ಯಾಪ್‌ಟಾಪಿಂದ ತಲೆ ಎತ್ತದೆ "ಹೋಗ್ಲಿ ಬಿಡು" ಅಂದುಬಿಟ್ರು.

ಕಾನೂನು ಪ್ರಕಾರ ಏನಾದ್ರೂ ತೊಂದರೆ ಇದೆಯಾ? ಸ್ಟೇಷನ್‌ನಿಂದ ಹಳೇ ಊರಿಗೆ ದಾರಿ ಹೇಗೆ? ಟಾಯ್ಲೆಟ್ ಎಲ್ಲಿ ಸಿಗುತ್ತೆ? ಗೊತ್ತಿದ್ದವರು ಹೇಳಿ.

ಹಾಸನದ ಹೈದ
ಡಾಯ್ಚ್‌ಲಾಂಡ್ ಟಿಕೆಟ್ (ದೇಶಕ್ಕೆಲ್ಲ ಒಂದೇ ತಿಂಗಳ ಪಾಸ್) ಇದ್ರೆ ರೀಜನಲ್ ರೈಲು ಮಾತ್ರ ಮೇಡಂ. ವೇಗದ ರೈಲು ಐಸಿಇ ಹತ್ತಿದ್ರೆ ದಂಡ. ಬಾಯರ್ನ್ (ಬವೇರಿಯಾ ರಾಜ್ಯ) ಟಿಕೆಟ್ ಆದ್ರೆ ವಾರದ ದಿನ ಬೆಳಗ್ಗೆ 9ರ ಮೇಲೆ. ಪವರ್‌ಬ್ಯಾಂಕ್ ಕಡ್ಡಾಯ. ಪವರ್‌ಬ್ಯಾಂಕ್ ಚಾರ್ಜ್ ಆಗಿದೆಯಾ ಅಂತ ನೋಡೋದೂ ಕಡ್ಡಾಯ.

ಧಾರವಾಡ ಫೇಡೆ
ಅಲ್ರೀ ಅಕ್ಕಾ, ಹದಿನೈದು ವರ್ಷದ ಹುಡುಗಿ ಊರು ನೋಡ್ತೀನಿ ಅಂದ್ರ ಖುಷಿ ಪಡ್ರಿ! ನಮ್ಮನ್ಯಾಗಿನ್ನ ಹುಡುಗ ಕೋಣಿ ಬಿಟ್ಟು ಹೊರಗ ಬರಂಗಿಲ್ಲ. ನಾ ಏಳನೇತ್ತಾ ಇದ್ದಾಗ ಹುಬ್ಬಳ್ಳಿ–ಧಾರವಾಡ ಬಸ್ಸಿನ್ಯಾಗ ಒಬ್ಬಾಕೀನ ನಿಂತ್ಕೊಂಡು ಹೋಗ್ತಿದ್ದೆ. ಆವಾಗ ಮೊಬೈಲ್ ಎಲ್ಲಿತ್ರೀ?

ಡ್ಯಾನ್ಯೂಬ್ ದಂಡೆ
ನಾನು ರೇಗೆನ್ಸ್‌ಬುರ್ಗ್‌ನಲ್ಲೇ ಇರೋದು, ಹಾಗಾಗಿ ಸ್ವಲ್ಪ ವಿವರವಾಗಿ ಬರೀತೀನಿ.

ಮೊದಲು ಕಾನೂನು. ಹಗಲು ಹೊತ್ತು ಒಬ್ಬಳೇ ರೈಲಲ್ಲಿ ಹೋಗೋದಕ್ಕೆ ಅಡ್ಡಿಯಿಲ್ಲ. ಇಲ್ಲಿನ ಸಿವಿಲ್ ಕೋಡ್‌ನ 1626ನೇ ಸೆಕ್ಷನ್, ಮಕ್ಕಳು ಬೆಳೆದ ಹಾಗೆ ಸ್ವಂತ ಜವಾಬ್ದಾರಿ ಹೊರೋ ಶಕ್ತಿಯನ್ನ ತಂದೆತಾಯಿ ಗಮನಕ್ಕೆ ತಗೋಬೇಕು ಅಂತಲೇ ಹೇಳುತ್ತೆ. 16ಕ್ಕಿಂತ ಚಿಕ್ಕವರು ಬೆಳಗ್ಗೆ 5ರಿಂದ ರಾತ್ರಿ 11ರವರೆಗೆ ಹೋಟೆಲಲ್ಲಿ ಒಬ್ಬರೇ ಕೂತು ತಿನ್ನಬಹುದು, ಕುಡಿಯಬಹುದು (ಆಪಲ್ ಜ್ಯೂಸು!). ಶಾಲೆ ಐಡಿ ಇಟ್ಕೊಳ್ಳಲಿ.

ದಾರಿ ತೀರಾ ಸುಲಭ. ನ್ಯೂರ್ನ್‌ಬೆರ್ಗ್‌ನಲ್ಲಿ ರೈಲು ಬದಲಿಸಿದ್ರೆ ಅಲ್ಲಿಂದ ಹೆಚ್ಚುಕಮ್ಮಿ ಒಂದು ಗಂಟೆ. ಸ್ಟೇಷನ್ ಎದುರಿನ ಮ್ಯಾಕ್ಸಿಮಿಲಿಯನ್ ರಸ್ತೆ ಹಿಡಿದು ನೇರ ನಡೆದ್ರೆ ಕಾಲು ಗಂಟೆಯೊಳಗೆ ಹಳೇ ಊರಿನ ನಡುವೆ ಇರ್ತಾಳೆ. ಸೇಂಟ್ ಪೀಟರ್ ಡೋಮ್‌ನ (ಊರಿನ ದೊಡ್ಡ ಚರ್ಚು) ಜೋಡಿ ಗೋಪುರ 105 ಮೀಟರ್, ದಾರಿ ತಪ್ಪಿದ್ರೂ ತಲೆ ಎತ್ತಿದ್ರೆ ಸಾಕು. ಒಳಗೆ ಹೋದ್ರೆ ಕಂಬಕ್ಕಾತು ನಗ್ತಾ ನಿಂತಿರೋ ದೇವದೂತನ್ನ ಬಿಡದೆ ನೋಡಲಿ. 1280ರ ಆಸುಪಾಸಿನ ಕೆತ್ತನೆ. ಅದು ಭಕ್ತಿಯ ಮಂದಹಾಸ ಅಲ್ಲ, ಏನೋ ತಮಾಷೆ ಕೇಳಿಸ್ಕೊಂಡವನ ನಗು.

ಡೋಮ್ ಹಿಂದಿನ ಓಣಿಗೆ ಬಂದ್ರೆ ಪೋರ್ಟಾ ಪ್ರೇಟೋರಿಯಾ. ರೋಮನ್ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಕಾಲದಲ್ಲಿ, 179ರಲ್ಲಿ ಆದ ರೋಮನ್ ಸೈನ್ಯದ ಕೋಟೆಯ ಬಾಗಿಲು. ದಪ್ಪ ದಪ್ಪ ಕಲ್ಲುಗಳು ಪಕ್ಕದ ಸುಣ್ಣ ಬಳಿದ ಗೋಡೆಯೊಳಗೇ ಸೇರ್ಕೊಂಡಿವೆ, ಗಮನಿಸದಿದ್ರೆ ಸೈಕಲ್ ಒರಗಿಸಿ ಮುಂದೆ ಹೋಗಿಬಿಡ್ತೀರಿ.

ಅವಳಿಗೆ ಮುಖ್ಯವಾಗಿ ಬೇಕಾಗಿರೋದು ಹಳೇ ರಾಟ್‌ಹೌಸ್ (ಪುರಭವನ). 1663ರಿಂದ 1806ರವರೆಗೆ ಆ ಸಾಮ್ರಾಜ್ಯದ ಸಭೆ ಎದ್ದು ಹೋಗದೆ ಅಲ್ಲೇ ಕೂತಿತ್ತು. ಸಭಾಂಗಣಕ್ಕೆ ಗೈಡ್ ಜೊತೆ ಮಾತ್ರ ಬಿಡ್ತಾರೆ, ಹಾಗಾಗಿ ಊರಿಗೆ ಕಾಲಿಟ್ಟ ಕೂಡಲೇ ಟೂರಿಸ್ಟ್ ಇನ್ಫರ್ಮೇಷನ್‌ನಲ್ಲಿ ಸಮಯ ನೋಡಿ ಟಿಕೆಟ್ ತಗೊಳ್ಳಲಿ, ಉಳಿದ ತಿರುಗಾಟ ಆಮೇಲೆ. ಯಾರು ಎಷ್ಟು ಮೆಟ್ಟಿಲು ಮೇಲೆ ಕೂರಬೇಕು ಅನ್ನೋದರಲ್ಲೇ ಅವರ ರಾಜಕೀಯ ಅರ್ಧ ಕಾಣುತ್ತೆ. ರೆಫರಾಟ್‌ಗೆ ಅಷ್ಟೇ ಸಾಕು. ಕೆಳಗೆ ಚಿತ್ರಹಿಂಸೆಯ ಕೋಣೆಯೂ ಇದೆ. ಸೂಕ್ಷ್ಮ ಮನಸ್ಸಾದ್ರೆ ಮೊದಲೇ ಹೇಳಿ.

ಕೊನೆಗೆ ಕಲ್ಲಿನ ಸೇತುವೆ. 1135ರಿಂದ 1146ರೊಳಗೆ ಕಟ್ಟಿದ್ದು, 300 ಮೀಟರ್ ಮೇಲಿದೆ, ಈಗ ಕಾರು ಬಸ್ಸು ಇಲ್ಲ. 1189ರಲ್ಲಿ ಚಕ್ರವರ್ತಿ ಬಾರ್ಬರೋಸಾ ಕ್ರುಸೇಡ್‌ಗೆ (ಧರ್ಮಯುದ್ಧಕ್ಕೆ) ಹೊರಟಿದ್ದು ಈ ಊರಿಂದಲೇ. ಒಂದೇ ಎಚ್ಚರಿಕೆ: ಕಮಾನುಗಳ ಕೆಳಗೆ ಡ್ಯಾನ್ಯೂಬ್ ಸುಳಿ ಸುತ್ತುತ್ತೆ, ಮೇಲಿಂದಲೇ ಕಾಣುತ್ತೆ. ಸೆಕೆ ಅಂತ ನೀರಿಗೆ ಇಳಿಯಬಾರದು. ಹೊಸ ಶೂ ಬೇಡ, ಊರೆಲ್ಲ ಉರುಟು ಕಲ್ಲು ಹಾಸಿದ ಓಣಿಗಳು.

ಮ್ಯೂನಿಕ್ ಹಿರಿಯ
ಎಲ್ಲರೂ ಟಿಕೆಟ್ಟು, ಸೇತುವೆ ಅಂತ ಬರೀತಿದ್ದೀರಿ. ಅಸಲು ವಿಷಯ ಯಾರೂ ಹೇಳ್ತಿಲ್ಲ. ನಾನು ಇಲ್ಲಿಗೆ ಬಂದಿದ್ದು 1991ರಲ್ಲಿ. ಎಷ್ಟು ಮನೆ ನೋಡಿದ್ದೀನಿ ಗೊತ್ತಾ? ಹದಿನೈದಕ್ಕೆ ಒಬ್ಬಳೇ ಟ್ರಿಪ್ಪು, ಹದಿನೆಂಟಕ್ಕೆ ಬೇರೆ ಮನೆ, ಆಮೇಲೆ ದೀಪಾವಳಿಗೊಂದು ಮೆಸೇಜು. ಮಕ್ಕಳು ನಮ್ಮವರಾಗಿ ಉಳಿಯಬೇಕಂದ್ರೆ ಎಂಟನೇ ಕ್ಲಾಸಿನೊಳಗೆ ಊರಿಗೆ ವಾಪಸ್ ಹೋಗಬೇಕು. ಇದನ್ನ ಇಪ್ಪತ್ತು ವರ್ಷದಿಂದ ಹೇಳ್ತಾ ಬಂದಿದ್ದೀನಿ.

ಧಾರವಾಡ ಫೇಡೆ
ಅಣ್ಣಾರ, ನೀವು ಯಾಕ ಹೋಗ್ಲಿಲ್ರೀ ಮತ್ತ?

ಮ್ಯೂನಿಕ್ ಹಿರಿಯ
ನಮ್ಮ ಪರಿಸ್ಥಿತಿ ಬೇರೆ ಇತ್ತು.

ಫ್ರಾಂಕ್‌ಫರ್ಟ್ ಭಟ್ರು
ಹಿರಿಯರು ಹೇಳೋದ್ರಲ್ಲಿ ಸತ್ಯ ಇದೆ. ಪಾಸ್‌ಪೋರ್ಟ್ ವಿಷಯವನ್ನೇ ತಗೊಳ್ಳಿ. 2024ರ ಜೂನ್‌ನಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತೆ, ಆದ್ರೆ ಭಾರತ ಒಪ್ಪಲ್ಲ. ನೀಲಿ ಪುಸ್ತಕ ಒಪ್ಪಿಸಿ ಓಸಿಐ (ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡೋ ಕಾರ್ಡ್) ತಗೋಬೇಕು. ಮಕ್ಕಳ ಹೆಸರಲ್ಲಿ ಈ ನಿರ್ಧಾರ ನಾವು ಮಾಡೋದಾ ಅಂತ ರಾತ್ರಿಯೆಲ್ಲ ಯೋಚಿಸ್ತೀನಿ.

ಹಾಸನದ ಹೈದ
ಭಟ್ರೇ, ಪಾಸ್‌ಪೋರ್ಟ್‌ಗೆ ಬೇರೆ ಪೋಸ್ಟ್ ಇದೆ. ಅಲ್ಲೂ ಇದನ್ನೇ ಬರ್ದಿದ್ರಿ.

ಸ್ಟುಟ್‌ಗಾರ್ಟ್ ಶಾರದಾಸುತ
ನನ್ನ ಮಗ 14ಕ್ಕೇ ಒಬ್ಬನೇ ಉಲ್ಮ್‌ಗೆ ಹೋಗಿ ಚರ್ಚ್ ಗೋಪುರ ಹತ್ತಿ ಬಂದ. 161 ಮೀಟರ್ ಗೋಪುರ ಅದು. ಈಗ ಅವನು ಏರೋಸ್ಪೇಸ್ ಓದ್ತಿದ್ದಾನೆ. ಎತ್ತರದ ಹುಚ್ಚು ಅಲ್ಲಿಂದಲೇ ಶುರುವಾಗಿದ್ದು ಅಂತ ನಾನು ಎಲ್ಲರಿಗೂ ಹೇಳ್ತೀನಿ. ರೇಗೆನ್ಸ್‌ಬುರ್ಗ್‌ಗಿಂತ ಉಲ್ಮ್ ವಾಸಿ, ಯೋಚನೆ ಮಾಡಿ.

ಡ್ಯಾನ್ಯೂಬ್ ದಂಡೆ
ರೆಫರಾಟ್ ಇರೋದು ರೇಗೆನ್ಸ್‌ಬುರ್ಗ್ ಬಗ್ಗೆ ಸಾರ್.

ಮ್ಯೂನಿಕ್ ಹಿರಿಯ
ರೆಫರಾಟ್ ನೆಪ. ಇವತ್ತು ಇತಿಹಾಸ, ನಾಳೆ ಸ್ನೇಹಿತರ ಜೊತೆ ಬರ್ಲಿನ್. ನಾನು ಹೆಣ್ಣುಮಕ್ಕಳ ವಿರೋಧಿ ಅಲ್ಲ. ಆದ್ರೆ ತಾಯಿಗೆ ಭಯ ಆಗ್ತಿದೆ ಅಂದ್ರೆ ಆ ಭಯಕ್ಕೆ ಕಾರಣ ಇರುತ್ತೆ, ಅದಕ್ಕೆ ಬೆಲೆ ಕೊಡಿ. ಇಲ್ಲಿನ ಸಮಾಜ ಮಕ್ಕಳನ್ನ ಬೇಗ ಮನೆಯಿಂದ ಬಿಡಿಸುತ್ತೆ. ನಾಲ್ಕನೇ ಕ್ಲಾಸಿಗೇ ಪೊಲೀಸರೇ ಬಂದು ಸೈಕಲ್ ಪರೀಕ್ಷೆ ಮಾಡಿ ರಸ್ತೆಗೆ ಬಿಡ್ತಾರೆ!

ಧಾರವಾಡ ಫೇಡೆ
ಅದು ಛಲೋನ ಅಲ್ಲೇನ್ರೀ? ನಮ್ಮ ಹುಡುಗನಿಗೆ ಆ ಪರೀಕ್ಷಾದಾಗ ಬಂದ ಕಾಗದ ಇನ್ನೂ ಫ್ರಿಜ್ಜಿನ ಮ್ಯಾಲ ಅಂಟಿಸೇವಿ.

ಕೊಲೋನ್ ಕಾಮತ್
ಮಾರಾಯ್ರೆ, ನಾನು ಸಾಮಾನ್ಯ ಇಲ್ಲಿ ಬರೆಯುದಿಲ್ಲ. ನಮ್ಮ ಮಗಳು ದೊಡ್ಡವಳಾಗುವವರೆಗೆ ನಾವು ಎಲ್ಲಿ ಹೋದರೂ ಒಟ್ಟಿಗೆ, ಕಾರಿನಲ್ಲಿ. ಬಾಂಬೆರ್ಗ್, ರೋಥೆನ್‌ಬುರ್ಗ್, ಎಲ್ಲ ನೋಡಿ ಆಗಿದೆ. ಮೊನ್ನೆ ಕೇಳಿದೆ, ಬಾಂಬೆರ್ಗ್ ನೆನಪಿದೆಯಾ ಅಂತ. ಪಾರ್ಕಿಂಗ್ ಹುಡುಕಿದ್ದು ನೆನಪಿದೆ ಅಂದಳು. ಹೊಳೆ ನಡುವೆ ನಿಂತ ಆ ರಾಟ್‌ಹೌಸ್ ಅವಳಿಗೆ ನೆನಪೇ ಇಲ್ಲ. ಕಳಿಸಿ.

ಮ್ಯೂನಿಕ್ ಹಿರಿಯ
ಕಾಮತರೇ, ನಿಮ್ಮ ಮಗಳು ನಿಮ್ಮ ಹತ್ತಿರ ಮಾತಾಡ್ತಾಳೆ, ಅದೇ ದೊಡ್ಡದು.

ಫ್ರಾಂಕ್‌ಫರ್ಟ್ ಭಟ್ರು
ಬಾಯರ್ನ್‌ನಲ್ಲಿ ಗಿಮ್ನಾಜಿಯುಮ್‌ಗೆ ನಾಲ್ಕನೇ ಕ್ಲಾಸಲ್ಲಿ 2.33 ಸರಾಸರಿ ಬೇಕು (ಇಲ್ಲಿ 1 ಅಂದ್ರೆ ಅತ್ಯುತ್ತಮ ಅಂಕ). ನಮ್ಮ ಹೆಸ್ಸೆನ್‌ನಲ್ಲಿ ಹಾಗಿಲ್ಲ. ಅಷ್ಟು ಚಿಕ್ಕ ಮಗುವಿನ ಮೇಲೆ ಎಂಥ ಒತ್ತಡ! ಇದರ ಬಗ್ಗೆ ಯಾರೂ ಮಾತಾಡಲ್ಲ.

ಎರ್ಲಾಂಗನ್ ಅಮ್ಮ
ಎಲ್ಲರಿಗೂ ಥ್ಯಾಂಕ್ಸ್. ಡ್ಯಾನ್ಯೂಬ್ ದಂಡೆಯವರೇ, ನೀವು ಬರೆದಿದ್ದನ್ನ ಮಗಳಿಗೆ ಓದಿ ಹೇಳ್ದೆ. ನಗೋ ದೇವದೂತನ್ನ ಪಟ್ಟಿಗೆ ಹಾಕ್ಕೊಂಡ್ಳು, ಚಿತ್ರಹಿಂಸೆ ಕೋಣೆ ಅಂದ ಕೂಡಲೇ ಅದನ್ನ ಮೊದಲನೇ ನಂಬರಿಗೆ ತಂದ್ಳು. ಹಿರಿಯರೇ, ವಾಪಸ್ ಹೋಗೋ ಬಗ್ಗೆ ನಾನು ಕೇಳಿರಲಿಲ್ಲ. ಮಂಗಳವಾರ ಕಳಿಸ್ತಿದ್ದೀವಿ. ಟಾಯ್ಲೆಟ್ ಬಗ್ಗೆ ಯಾರೂ ಹೇಳಲೇ ಇಲ್ಲ.

ಹಾಸನದ ಹೈದ
ಬಾಯರ್ನ್‌ನಲ್ಲಿ ಕೆಲವು ರೈಲು ಮಧ್ಯದಲ್ಲಿ ಎರಡಾಗಿ ಬೇರೆ ಬೇರೆ ಊರಿಗೆ ಹೋಗುತ್ತೆ. ಬೋಗಿ ಮೇಲಿನ ಬೋರ್ಡ್ ನೋಡಿ ಹತ್ತೋಕೆ ಹೇಳಿ. ಮತ್ತೆ ಪವರ್‌ಬ್ಯಾಂಕ್.

ಮ್ಯೂನಿಕ್ ಹಿರಿಯ
ಕಳಿಸಿ, ನಿಮ್ಮ ಇಷ್ಟ. ಗಂಟೆಗೊಂದು ಸಲ ಫೋನ್ ಮಾಡಕ್ಕೆ ಹೇಳಿ.

ಧಾರವಾಡ ಫೇಡೆ
ಗಂಟೆಗೊಂದು ಫೋನ್ ಮಾಡೂದಾದ್ರ ರೆಫರಾಟ್ ಯಾವಾಗ ಬರೀಬೇಕ್ರೀ ಆಕಿ?

ಡ್ಯಾನ್ಯೂಬ್ ದಂಡೆ
ಕ್ಷಮಿಸಿ, ಟಾಯ್ಲೆಟ್ ವಿಷಯ ಬಿಟ್ಟೇ ಹೋಗಿತ್ತು. ಸ್ಟೇಷನ್‌ನಲ್ಲಿದೆ, ಚಿಲ್ಲರೆ ಇರಲಿ. ರೈಲು ಹಳಿಯ ಆ ಬದಿಗೆ ಆರ್ಕಾಡೆನ್ ಮಾಲ್ ಇದೆ, ಸ್ಟೇಷನ್‌ನಿಂದಲೇ ದಾಟಿ ಹೋಗಬಹುದು. ಊರೊಳಗಾದ್ರೆ ಹೊಳೆ ಪಕ್ಕ 2019ರಲ್ಲಿ ತೆರೆದ ಬವೇರಿಯಾ ಇತಿಹಾಸದ ಮ್ಯೂಸಿಯಂ ಚೊಕ್ಕವಾಗಿದೆ, ಸೋಮವಾರ ಮಾತ್ರ ಮುಚ್ಚಿರುತ್ತೆ, ಮಂಗಳವಾರ ತೊಂದರೆಯಿಲ್ಲ. ಸಂಜೆ ಆರರ ಸುಮಾರಿಗೆ ಹೊರಟ್ರೆ ಬೆಳಕಿರುವಾಗಲೇ ಮನೆ ಸೇರ್ತಾಳೆ. ನನ್ನ ನಂಬರ್ ಇನ್‌ಬಾಕ್ಸ್‌ಗೆ ಹಾಕಿದ್ದೀನಿ. ನಾನು ಸುಮ್ಮನೆ ಹಿಂದೆ ಹಿಂದೆ ಬರಲ್ಲ ಅಂತ ಅವಳಿಗೆ ಹೇಳಿ, ಏನಾದ್ರೂ ಬೇಕಾದ್ರೆ ಮಾತ್ರ ಕರೀಲಿ.

ಸ್ಟುಟ್‌ಗಾರ್ಟ್ ಶಾರದಾಸುತ
ಮುಂದಿನ ಸಲ ಉಲ್ಮ್.