ಚೌಕಾಬಾರದ ಕವಡೆ: ಬೆನ್ನ ಮೇಲೆ ಕಿತ್ತಳೆ ಉಂಗುರ ಇರೋದು ಬೇರೆ ಜಾತಿನಾ?

ಶ್ವೇತಾ_ಹಾಸನ: ಅಜ್ಜಿ ಚೌಕಾಬಾರ ಆಡ್ತಿದ್ದ ಕವಡೆ ಈಗ ನನ್ನ ಹತ್ರ ಇವೆ. ಜಾಸ್ತಿ ಹಳದಿ, ಅಂಚಲ್ಲಿ ಗಂಟು ಗಂಟು, ಎರಡು ಮಾತ್ರ ಸ್ವಲ್ಪ ದುಂಡಗಿದ್ದು ಬೆನ್ನ ಮೇಲೆ ತೆಳ್ಳಗೆ ಕಿತ್ತಳೆ ಉಂಗುರ ಇದೆ. ಬೇರೆ ಜಾತಿನಾ? ಮತ್ತೆ ಇಷ್ಟು ವರ್ಷ ಆದ್ರೂ ಈ ಹೊಳಪು ಹೇಗೆ, ಪಾಲಿಶ್ ಏನಾದ್ರೂ ಮಾಡಿರ್ತಾರಾ?

ಕಡಲಕಪ್ಪೆಚಿಪ್ಪು: ಹೌದು ಬೇರೆನೇ. ಹಳದಿದು ಮೊನೆಟೇರಿಯಾ ಮೊನೆಟಾ, ಉಂಗುರದ್ದು ಮೊನೆಟೇರಿಯಾ ಆನ್ಯುಲಸ್, ಎರಡಕ್ಕೂ 1758ರಲ್ಲಿ ಸ್ವೀಡನ್ನಿನ ಜೀವಿವಿಜ್ಞಾನಿ ಲಿನೇಯಸ್ ಹೆಸರಿಟ್ಟಿದ್ದು. ಪಾಲಿಶ್ ಯಾರೂ ಮಾಡಲ್ಲ, ಚಿಪ್ಪಿನೊಳಗಿನ ಹುಳುನೇ ಮಾಡ್ಕೊಳ್ಳುತ್ತೆ! ಜೀವ ಇದ್ದಾಗ ಅದರ ಮೈಯ ತೆಳು ಪದರ ಎರಡೂ ಕಡೆಯಿಂದ ಮೇಲೆ ಬಂದು ಚಿಪ್ಪನ್ನ ಪೂರ್ತಿ ಮುಚ್ಚುತ್ತೆ, ಹೊರಗಡೆಯಿಂದಲೇ ಹೊಸ ಪದರ ಹಾಕ್ತಾ ಹೋಗುತ್ತೆ, ಅದಕ್ಕೇ ಗೀರಾಗಲಿ ಪಾಚಿಯಾಗಲಿ ನಿಲ್ಲಲ್ಲ.

ಶ್ವೇತಾ_ಹಾಸನ: ಥ್ಯಾಂಕ್ಸ್ ಸರ್. ಹಾಗಾದ್ರೆ ಸಣ್ಣ ಸಣ್ಣ ಇರೋದೆಲ್ಲ ಮರಿಗಳಾ?

ಕಡಲಕಪ್ಪೆಚಿಪ್ಪು: ಅಲ್ಲ ಮೇಡಂ, ಮರಿ ನೋಡಿದ್ರೆ ಕವಡೆ ಅಂತನೇ ಗೊತ್ತಾಗಲ್ಲ, ತೆಳು ಚಿಪ್ಪು, ಅಗಲ ಬಾಯಿ, ಮಾಮೂಲಿ ಬಸವನಹುಳು ಥರ. ದೊಡ್ಡದಾದಾಗ ತುಟಿ ಒಳಗೆ ಮಡಚಿ ಹಲ್ಲು ಮೂಡ್ತವೆ, ಆಮೇಲೆ ಉದ್ದ ಬೆಳೆಯಲ್ಲ, ಚಿಪ್ಪು ದಪ್ಪ ಆಗುತ್ತೆ ಅಷ್ಟೆ. ಹಲ್ಲಿದ್ರೆ ಎಷ್ಟೇ ಚಿಕ್ಕದಿದ್ರೂ ಬೆಳೆದಿದ್ದೇ.

ಇತಿಹಾಸ_ಮೇಷ್ಟ್ರು: ಕವಡೆ ನಾಣ್ಯವಾಗಿ ನಡೀತಿದ್ದ ಕಥೆನೂ ಹೇಳ್ಬಿಡ್ತೀನಿ, ನನಗೆ ತುಂಬಾ ಇಷ್ಟವಾದ ವಿಷಯ ಇದು. 14ನೇ ಶತಮಾನದಲ್ಲಿ ಮಾಲ್ಡೀವ್ಸ್‌ನಲ್ಲಿದ್ದ ಮೊರಾಕೋದ ಪ್ರವಾಸಿ ಇಬ್ನ್ ಬತೂತ ಬರೀತಾನೆ, ಅಲ್ಲಿನವರು ಕವಡೆನ ಕಡಲಿಂದ ಎತ್ತಿ ದಡದ ಗುಂಡಿಗೆ ಹಾಕ್ತಿದ್ರು, ಮಾಂಸ ಕರಗಿ ಬಿಳಿ ಚಿಪ್ಪು ಉಳೀತಿತ್ತು, ಅದನ್ನ ಬಂಗಾಳದವರಿಗೆ ಕೊಟ್ಟು ಅಕ್ಕಿ ತಗೋತಿದ್ರು. ಮಾಲ್ಡೀವ್ಸ್‌ನಲ್ಲಿ ಒಂದು ಚಿನ್ನದ ದಿನಾರಿಗೆ 4 ಲಕ್ಷ ಕವಡೆ, ಆಫ್ರಿಕಾದ ಮಾಲಿಯಲ್ಲಿ ಬರೀ 1150! ದೂರ ಹೋದಷ್ಟೂ ಬೆಲೆ. ನಿಮ್ಮ ಉಂಗುರದ ಕವಡೆನ 19ನೇ ಶತಮಾನದಲ್ಲಿ ಯುರೋಪಿನ ವ್ಯಾಪಾರಿಗಳು ಪೂರ್ವ ಆಫ್ರಿಕಾದ ಜಾಂಜಿಬಾರ್ ಕಡೆಯಿಂದ ಪಶ್ಚಿಮ ಆಫ್ರಿಕಾಗೆ ಹಡಗುಗಟ್ಟಲೆ ತಂದು ಸುರಿದು ಅಲ್ಲಿನ ಕವಡೆಯ ಬೆಲೆನೇ ಬೀಳಿಸಿದ್ರು, ಕೂಡಿಟ್ಟಿದ್ದ ಬಡವರ ಗತಿ ಏನಾಗಿರ್ಬೇಕು ಯೋಚ್ನೆ ಮಾಡಿ.

ರಮ್ಯ_ಸವದತ್ತಿ: ನಮ್ಮ ಕಡೆ ಎಲ್ಲಮ್ಮನ ಜೋಗತಿಯರ ಕವಡಿ ಸರ ನೋಡ್ರಿ, ಬೆನ್ನು ಒಡದು ಚಪ್ಪಟಿ ಮಾಡಿರ್ತಾರ, ದಾರ ಪೋಣಿಸಾಕ, ಹೊಲಿಯಾಕ ಅನುಕೂಲ ಅಂತ. ಹಲ್ಲಿನ ಬದಿ ಮ್ಯಾಲ ಬರ್ತದ. ಜೀವಂತ ಕವಡಿ ಎಲ್ಲಿ ನೋಡಾಕ ಸಿಗ್ತದ್ರೀ?

ಕಡಲಕಪ್ಪೆಚಿಪ್ಪು: ಲಕ್ಷದ್ವೀಪದಲ್ಲಿ ಇವೆ ಅಕ್ಕಾ. ಹಗಲು ಹವಳದ ಕಲ್ಲಿನ ಅಡಿ ಅಡಗಿದ್ದು ರಾತ್ರಿ ಪಾಚಿ ಮೇಯೋಕೆ ಹೊರಗೆ ಬರ್ತವೆ. ಕಲ್ಲು ಎತ್ತಿ ನೋಡಿದ್ರೆ ದಯವಿಟ್ಟು ಇದ್ದ ಹಾಗೇ ವಾಪಸ್ ಇಡಿ, ಹೆಣ್ಣು ಕವಡೆ ಮೊಟ್ಟೆ ಮೇಲೆ ಕೂತು ಕಾಯ್ತಿರುತ್ತೆ, ಮಗುಚಿ ಬಿಟ್ಟು ಹೋದ್ರೆ ಮೀನುಗಳು ಮೊಟ್ಟೆ ತಿಂದು ಹಾಕ್ತವೆ.