ಎಂಪಿಐ ಕೋಡ್ ಚಿಕ್ಕ ಅರೇಗೆ ಓಡುತ್ತೆ, ದೊಡ್ಡದು ಕೊಟ್ರೆ ನಿಂತ್ಬಿಡುತ್ತೆ

ಅರೆಬೆಂದ_ಕೋಡ್: 4 ನೋಡ್ (ಬೇರೆ ಬೇರೆ ಕಂಪ್ಯೂಟರ್) ಕ್ಲಸ್ಟರ್, ನೋಡಿಗೆ 16 ಕೋರ್. ಶಾಖ ಹರಡೋದನ್ನ ಲೆಕ್ಕ ಹಾಕೋ ಪೈಥಾನ್ ಕೋಡ್. ಮೊದ್ಲು ಮಲ್ಟಿಪ್ರಾಸೆಸಿಂಗ್ ಪೂಲ್ ಹಾಕಿದ್ದೆ, 64 ಪ್ರಾಸೆಸ್ ಅಂತ ಕೊಟ್ರೂ ಎಲ್ಲಾ ಒಂದೇ ನೋಡಲ್ಲಿ ಗುಂಪು ಕಟ್ಕೊಂಡು ಕೂತ್ವು, ಉಳಿದ ಮೂರು ಖಾಲಿ. ಆಮೇಲೆ ಎಂಪಿಐ4ಪೈಗೆ (ಬೇರೆ ಬೇರೆ ನೋಡಲ್ಲಿರೋ ಪ್ರಾಸೆಸ್‌ಗಳು ಮೆಸೇಜ್ ಕಳಿಸ್ಕೊಳ್ಳೋಕೆ ಇರೋ ಎಂಪಿಐನ ಪೈಥಾನ್ ಲೈಬ್ರರಿ) ಬಂದೆ, ಗ್ರಿಡ್ಡನ್ನ ಪಟ್ಟಿ ಪಟ್ಟಿಯಾಗಿ ಹಂಚಿ ಅಂಚಿನ ಸಾಲನ್ನ ಪಕ್ಕದ ಪ್ರಾಸೆಸ್‌ಗೆ, ಅಂದ್ರೆ ಪಕ್ಕದ ರ‍್ಯಾಂಕ್‌ಗೆ ಕಳಿಸ್ತೀನಿ. ಸಾಲಲ್ಲಿ 100 ಸಂಖ್ಯೆ ಇದ್ರೆ ಸಲೀಸು, 1 ಲಕ್ಷ ಮಾಡಿದ್ರೆ ಎರರ್ರೂ ಇಲ್ಲ ಏನೂ ಇಲ್ಲ, ಸುಮ್ನೆ ನಿಂತಿರುತ್ತೆ, ಪ್ರಾಸೆಸ್ ಪಟ್ಟಿ ತೋರ್ಸೋ ಟಾಪ್‌ನಲ್ಲಿ ಸಿಪಿಯು ಮಾತ್ರ 100% ತೋರ್ಸುತ್ತೆ. ಮೆಮೊರಿ ಸಾಲ್ತಿಲ್ವಾ?

ಕೇಬಲ್_ಕಿತ್ತವ: ಸಂಖ್ಯೆಗೆ 8 ಬೈಟ್ ಅಂದ್ರೂ 1 ಲಕ್ಷಕ್ಕೆ 8 ಲಕ್ಷ ಬೈಟ್ ಅಷ್ಟೇ, ಮೆಮೊರಿ ಅಲ್ಲ. ನೆಟ್‌ವರ್ಕ್ ಇರ್ಬೇಕು, ಎರಡೇ ರ‍್ಯಾಂಕ್ ಇಟ್ಕೊಂಡು ಒಂದೇ ನೋಡಲ್ಲಿ ಓಡ್ಸಿ ನೋಡಿ.

ಅರೆಬೆಂದ_ಕೋಡ್: ಅಲ್ಲೂ ನಿಲ್ತು ಸರ್.

ಹಳೇ_ಬಫರ್: ಹಾಗಾದ್ರೆ ಕೇಬಲ್ ಬಿಟ್ಬಿಡಿ. ಎಲ್ಲಾ ರ‍್ಯಾಂಕಲ್ಲೂ ಮೊದ್ಲು ಸೆಂಡ್, ಆಮೇಲೆ ರಿಸೀವ್ ಬರ್ದಿದೀರಾ ಅಲ್ವಾ? ಸಣ್ಣ ಮೆಸೇಜನ್ನ ಎಂಪಿಐ ತನ್ನ ತಾತ್ಕಾಲಿಕ ಜಾಗ, ಅಂದ್ರೆ ಬಫರ್‌ಗೆ ಹಾಕ್ಕೊಂಡು ಸೆಂಡ್ ಮುಗೀತು ಅಂತ ನಿಮ್ಮನ್ನ ಬಿಟ್ಬಿಡುತ್ತೆ, ಒಂದು ಮಿತಿ ದಾಟಿದ್ಮೇಲೆ ಆ ಕಡೆ ರಿಸೀವ್ ಕರೆಯೋವರೆಗೂ ಬಿಡಲ್ಲ. ಇಬ್ರೂ ಕೈ ತುಂಬಾ ಹಿಡ್ಕೊಂಡು ನೀನ್ ತಗೋ ನೀನ್ ತಗೋ ಅಂತ ನಿಂತ್ಕೊಂಡಿದಾರೆ. 100ಕ್ಕೆ ಓಡಿದ್ದೇ ನಿಮ್ ಅದೃಷ್ಟ. ನಂಬ್ಕೆ ಬರ್ದಿದ್ರೆ ಸೆಂಡ್ ಬದ್ಲು, ಮೆಸೇಜ್ ಎಷ್ಟೇ ಚಿಕ್ಕದಾದ್ರೂ ಆ ಕಡೆ ರಿಸೀವ್ ಶುರುವಾಗೋವರೆಗೂ ಕಾಯೋ ಎಸ್‌ಸೆಂಡ್ ಹಾಕಿ, 100ಕ್ಕೂ ನಿಲ್ಲುತ್ತೆ. ಸರಿ ಮಾಡೋಕೆ ಎರಡನ್ನೂ ತೆಗ್ದು, ಕಳ್ಸೋದು ತಗೊಳೋದು ಒಟ್ಟಿಗೇ ಮಾಡೋ ಸೆಂಡ್‌ರಿಸೀವ್ ಬಳ್ಸಿ. ಅದೂ ಕ್ಯಾಪಿಟಲ್ ಎಸ್ ಇರೋದು, ಸ್ಮಾಲ್ ಎಸ್ ಇರೋದು ಪ್ರತಿ ಸಲ ಅರೇನ ಪಿಕಲ್ ಮಾಡಿ (ಪೈಥಾನ್ ವಸ್ತುನ ಬೈಟ್‌ಗಳಾಗಿ ಬದ್ಲಾಯ್ಸಿ) ಕಳ್ಸುತ್ತೆ, ಟೈಮ್ ದಂಡ.

ಟಾಸ್ಕ್_ರಾಶಿ: ಇಷ್ಟೆಲ್ಲಾ ಯಾಕೆ, ಕೆಲ್ಸನ ನೋಡ್‌ಗಳಿಗೆ ತಾನೇ ಹಂಚೋ ಪೈಥಾನ್ ಲೈಬ್ರರಿ ಡಾಸ್ಕ್‌ಗೆ ಹೋಗ್ಬಹುದಲ್ಲ?

ಹಳೇ_ಬಫರ್: ಒಂದಕ್ಕೊಂದು ಸಂಬಂಧ ಇಲ್ಲದ ಸಾವಿರ ಕೆಲ್ಸ ಇದ್ರೆ ಡಾಸ್ಕೇ ಸರಿ, ನಾನೂ ಅದನ್ನೇ ಹಾಕ್ತೀನಿ. ಇಲ್ಲಿ ಪ್ರತಿ ಹೆಜ್ಜೆಗೂ ಪಕ್ಕದವನ ಅಂಚು ಬೇಕು, ಕೆಲ್ಸ ಹಂಚೋ ಶೆಡ್ಯೂಲರ್‌ನ ಪ್ರತಿ ಸಲ ಕೇಳ್ತಾ ಕೂತ್ರೆ ಆಗೋ ಮಾತಲ್ಲ.

ಅರೆಬೆಂದ_ಕೋಡ್: ಎಸ್‌ಸೆಂಡ್ ಹಾಕಿದ್ ತಕ್ಷಣ 100ಕ್ಕೇ ನಿಲ್ತು, ನೀವ್ ಹೇಳಿದ್ದು ನಿಜ 😀 ಸೆಂಡ್‌ರಿಸೀವ್ ಹಾಕ್ದೆ, 1 ಲಕ್ಷ ಓಡ್ತಿದೆ. ತುದಿಯ ಎರಡು ರ‍್ಯಾಂಕ್‌ಗೆ ಒಂದು ಕಡೆ ಪಕ್ಕದವರೇ ಇಲ್ವಲ್ಲ, ಅಲ್ಲಿ ಇಫ್ ಹಾಕ್ಲಾ?

ಹಳೇ_ಬಫರ್: ಬೇಡ, ರ‍್ಯಾಂಕ್ ಜಾಗದಲ್ಲಿ ‘ಯಾರೂ ಇಲ್ಲ’ ಅನ್ನೋ ಪ್ರಾಕ್‌ನಲ್ ಕೊಡಿ, ಆ ಕಡೆ ಕಳ್ಸೋದೂ ಇಲ್ಲ, ತಗೊಳೋದೂ ಇಲ್ಲ. ಆ ಬದಿಯ ರಿಸೀವ್ ಬಫರ್ ಇದ್ದ ಹಾಗೇ ಇರುತ್ತೆ, ಗಡಿಯ ಉಷ್ಣಾಂಶ ಅದ್ರಲ್ಲಿ ನೀವೇ ಮೊದ್ಲೇ ತುಂಬಿಡಿ.